ಹದ ಎಂಬ ಮಾತಿಗೆ ಚಿತ್ರವಿಲ್ಲ

ಗೆಳೆಯರು ಕೇಳಬಹುದು: ಎಷ್ಟೋ ಹಳ್ಳಿ ಶಾಲೆಗಳಲ್ಲಿ ಸೂರು ಸೋರುತ್ತಿದೆ, ಒಬ್ಬರೇ ಮೇಷ್ಟ್ರು ಮೂರು ತರಗತಿ ನೋಡಿಕೊಳ್ಳುತ್ತಿದ್ದಾರೆ, ಇಂಥದರಲ್ಲಿ ಮಕ್ಕಳಿಗೆ ಕಲೆಯ ಪದಗಳನ್ನು ಹೇಗೆ ಕಲಿಸಬೇಕು ಅನ್ನೋದೂ ಒಂದು ಚರ್ಚೆಯೇ? ಚರ್ಚೆಯೇ ಹೌದು. ಒಂದು ವಸ್ತುವನ್ನು ನೋಡಿ ‘ಇದು ಚೆಂದ, ಇದು ಚೆಂದವಲ್ಲ, ಇಂಥ ಕಾರಣಕ್ಕೆ ಚೆಂದವಲ್ಲ’ ಎಂದು ಬಾಯಿಬಿಟ್ಟು ಹೇಳುವ ಹಕ್ಕು ಈ ನೆಲದಲ್ಲಿ ಎಲ್ಲರಿಗೂ ಇರಲಿಲ್ಲ. ಮಾಡುವವರು ಒಂದು ಜಾತಿ, ಬೆಲೆ ಕಟ್ಟುವವರು ಇನ್ನೊಂದು ಜಾತಿ. ಮಾಡಿದವನ ಕೈಗೆ ಕೂಲಿ, ನೋಡಿದವನ ಬಾಯಿಗೆ ಶಾಸ್ತ್ರ. ಕಲೆಯ ಪದಗಳು ಯಾರ ಬಾಯಲ್ಲಿದ್ದವೋ ಅವರೇ ಯಾವುದು ಕಲೆ, ಯಾವುದು ಬರೀ ಕೆಲಸ ಎಂದು ತೀರ್ಮಾನ ಮಾಡುತ್ತ ಬಂದರು. ಚಿತ್ರ ಬರೆದರೆ ಕಲೆ, ಚಪ್ಪಲಿ ಹೊಲಿದರೆ ಕಸುಬು. ಈ ತೀರ್ಮಾನ ಮಾಡಿದವನು ಚಪ್ಪಲಿ ಹೊಲಿದವನಂತೂ ಅಲ್ಲ.

ಈಗ ಆ ಪದಗಳು ಫೋನು, ಟ್ಯಾಬು, ಸ್ಮಾರ್ಟ್ ಬೋರ್ಡುಗಳ ಮೂಲಕ ನಮ್ಮ ಮಕ್ಕಳ ಹತ್ತಿರ ಬರುತ್ತಿವೆ. ಬರಲಿ, ಒಳ್ಳೆಯದೇ. ಆದರೆ ಬರುವಾಗ ಏನನ್ನು ಹೊತ್ತು ತರುತ್ತಿವೆ, ಏನನ್ನು ಬಾಗಿಲ ಹೊರಗೆ ನಿಲ್ಲಿಸಿ ಬರುತ್ತಿವೆ ಎಂದು ನೋಡಬೇಕು. ಕವಿತೆ ಬರೆಯುವವನಾದ ನನಗೆ ಗೊತ್ತಿರೋದು ಮಾತಿನ ಕಸುಬು ಒಂದೇ. ಅದರ ಬಲದ ಮೇಲೆ ಈ ಪಾಠವನ್ನು ವಿಮರ್ಶೆ ಮಾಡುತ್ತೇನೆ.

ಪಾಠ ನಡೆಯುವ ರೀತಿ ನೋಡಿ. ದೃಶ್ಯಕಲೆಯ ಮೂಲಾಂಶಗಳು ಅಂತ ಏಳು ಹೆಸರು: ಗೆರೆ, ಆಕಾರ, ಘನರೂಪ, ಬಣ್ಣ, ಛಾಯೆ, ಅವಕಾಶ, ಮೈವಳಿಕೆ. ಪರದೆಯ ಮೇಲೆ ಒಂದು ಚೀಟಿ ಬರುತ್ತದೆ. ಒಂದು ಮಗ್ಗುಲಲ್ಲಿ ಪದ, ಬೆರಳು ತಾಗಿಸಿದರೆ ಇನ್ನೊಂದು ಮಗ್ಗುಲಲ್ಲಿ ಚಿತ್ರ ಮತ್ತು ಅರ್ಥ. ಆಮೇಲೆ ಹೊಂದಿಸಿ ಬರೆಯಿರಿ ಎಂಬ ಹಳೆಯ ಪ್ರಶ್ನೆಯೇ ಆಟದ ವೇಷ ಹಾಕಿಕೊಂಡು ಬರುತ್ತದೆ. ಸರಿಯಾದರೆ ಹಸಿರು, ತಪ್ಪಾದರೆ ಕೆಂಪು. ತಪ್ಪಿದ ಪದ ಮತ್ತೆ ಮತ್ತೆ ತಿರುಗಿ ಬರುತ್ತದೆ. ನೆನಪಿಗೆ ಇದು ಒಳ್ಳೆಯ ವಿಧಾನವೇ, ಸುಳ್ಳು ಹೇಳಬಾರದು. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯಿಂದ ಪಠ್ಯಪುಸ್ತಕದ ಪುಟಕ್ಕೆ ಫೋನು ಹಿಡಿದರೆ ಪಾಠದ ವಿಡಿಯೊ ತೆರೆಯುವ ಹಾಗಾಯಿತು. 2024ರಲ್ಲಿ ಎನ್‌ಸಿಇಆರ್‌ಟಿ ಆರನೇ ತರಗತಿಗೆ ‘ಕೃತಿ’ ಎಂಬ ಕಲಾ ಪಠ್ಯವನ್ನೇ ತಂದಿತು. 2011ರಲ್ಲಿ ಗೂಗಲ್ 17 ಮ್ಯೂಸಿಯಂಗಳ ಚಿತ್ರಗಳನ್ನು ಪರದೆಗೆ ತಂದ ಮೇಲೆ, ಪ್ಯಾರಿಸ್, ಲಂಡನ್ ಹೋಗಿ ನೋಡಬೇಕಾಗಿದ್ದ ಚಿತ್ರದ ಕುಂಚದ ಗೀರನ್ನು ಹಳ್ಳಿಯ ಹುಡುಗಿಯೊಬ್ಬಳು ಹಿಗ್ಗಿಸಿ ನೋಡುವ ಹಾಗಾಯಿತು. ಮ್ಯೂಸಿಯಮ್ಮಿನ ಕಾವಲುಗಾರ ಅಷ್ಟು ಹತ್ತಿರ ಯಾರನ್ನೂ ಬಿಡೋದಿಲ್ಲ. ದೂರ ನಿಲ್ಲು ಅನ್ನಿಸಿಕೊಂಡೇ ಬೆಳೆದ ಜನಕ್ಕೆ ಹತ್ತಿರ ಹೋಗಿ ನೋಡುವುದು ಸಣ್ಣ ವಿಷಯವಲ್ಲ.

ಆದರೆ ಆ ಏಳು ಪದಗಳಲ್ಲಿ ಕೊನೆಯದನ್ನು ಎತ್ತಿಕೊಳ್ಳಿ: ಮೈವಳಿಕೆ. ಒಂದು ವಸ್ತುವಿನ ಮೈ ಒರಟೋ ನುಣುಪೋ, ಜಿಡ್ಡೋ ಒಣಕಲೋ ಎಂಬುದು. ಪರದೆಯ ಮೇಲೆ ಇಟ್ಟಿಗೆಯ ಚಿತ್ರ ಬಂತು, ರೇಷ್ಮೆಯ ಚಿತ್ರ ಬಂತು, ಮರದ ತೊಗಟೆಯ ಚಿತ್ರ ಬಂತು. ಮಗು ಮೂರನ್ನೂ ಮುಟ್ಟಿತು. ಮೂರೂ ಗಾಜು. ಮುಟ್ಟಿ ತಿಳಿಯಬೇಕಾದ ಪದವನ್ನು ಮುಟ್ಟದೆ ಕಲಿಸುವ ಪಾಠ ಇದು. ಮುಟ್ಟದೆ ಬದುಕುವ ವಿದ್ಯೆಯನ್ನು ಸಾವಿರಾರು ವರ್ಷ ಪಾಲಿಸಿಕೊಂಡು ಬಂದ ದೇಶಕ್ಕೆ ಇದರಲ್ಲಿ ಏನೂ ಕೊರತೆ ಕಾಣದಿದ್ದರೆ ಆಶ್ಚರ್ಯವಿಲ್ಲ.

ಇನ್ನೊಂದು ಪದ ತೆಗೆದುಕೊಳ್ಳಿ. ಅದು ಏಳರ ಪಟ್ಟಿಯಲ್ಲಿ ಇಲ್ಲ. ಹದ.

ತೊಗಲು ಹದ ಮಾಡುವವನು ಹಸಿ ಚರ್ಮವನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ತೆಗೆಯುತ್ತಾನೆ, ಒಳಮೈ ಕೆರೆಯುತ್ತಾನೆ, ಜಾಲಿ ತೊಗಟೆ, ಅಳಲೆಕಾಯಿ ಹಾಕಿದ ನೀರಲ್ಲಿ ದಿನಗಟ್ಟಲೆ ಇಟ್ಟು ತಿರುವುತ್ತಾನೆ. ಯಾವಾಗ ತೆಗೆಯಬೇಕು? ಹದ ಬಂದಾಗ. ಕುಂಬಾರ ಮಣ್ಣನ್ನು ತುಳಿಯುತ್ತಾನೆ. ಎಷ್ಟು ಹೊತ್ತು? ಹದ ಬರೋತನಕ. ತಮಟೆಯವನು ಬೆಂಕಿಗೆ ಹಿಡಿದು ಕಾಯಿಸುತ್ತಾನೆ, ಬೆರಳಿಂದ ಬಡಿದು ಕಿವಿಗೊಟ್ಟು ಕೇಳುತ್ತಾನೆ. ಒಂಚೂರು ಜಾಸ್ತಿ ಕಾದರೆ ಚರ್ಮ ಬಿರಿಯುತ್ತದೆ, ಕಮ್ಮಿಯಾದರೆ ದನಿ ಏಳೋದಿಲ್ಲ. ಮಳೆ ಬಿದ್ದು ಎರಡು ದಿನದ ಮೇಲೆ ರೈತ ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುತ್ತಾನೆ. ಅವ್ವ ಜೋಳದ ಹಿಟ್ಟು ನಾದುವಾಗ ಪಕ್ಕದಲ್ಲಿ ಕೂತ ಮಗಳಿಗೆ ‘ಇನ್ನಾ ಹದಾ ಬಂದಿಲ್ಲ’ ಅನ್ನುತ್ತಾಳೆ. ಚರ್ಮ, ಮಣ್ಣು, ದನಿ, ಬೀಜ, ರೊಟ್ಟಿ ಇಷ್ಟನ್ನೂ ಒಂದೇ ಅಳತೆಗೋಲಿನಿಂದ ಅಳೆಯುವ ಪದ ಇದು. ಇಂಗ್ಲಿಷಿಗೆ ತರಲು ಹೋದರೆ ಐದು ಕಡೆ ಐದು ಪದ ಬೇಕು. ಒಂದು ಕಲೆಗೆ ಬೇಕಾದ ದೊಡ್ಡ ವಿಮರ್ಶೆಯ ಪದ ಇದಲ್ಲದೆ ಇನ್ನಾವುದು? ಕವಿತೆಯನ್ನೂ ಇದೇ ಪದದಿಂದ ಅಳೆಯಬಹುದು. ಸಿಟ್ಟು ಹದ ತಪ್ಪಿದರೆ ಘೋಷಣೆಯಾಗುತ್ತದೆ, ಎಳಸಾದರೆ ಗೋಳಾಗುತ್ತದೆ.

ಈ ಪದಕ್ಕೆ ಒಂದು ಚಿತ್ರ ತೋರಿಸಿ ನೋಡೋಣ. ಆಗೋದಿಲ್ಲ. ಹದ ಕಣ್ಣಿಗೆ ಕಾಣುವ ಹೊತ್ತಿಗೆ ಕೈಗೆ, ಮೂಗಿಗೆ, ಕಿವಿಗೆ ಗೊತ್ತಾಗಿರುತ್ತದೆ. ಚಿತ್ರ ಕೊಟ್ಟು ಪದ ಹೊಂದಿಸುವ ಆಟದಲ್ಲಿ ಚಿತ್ರವಿಲ್ಲದ ಪದಕ್ಕೆ ಜಾಗವಿಲ್ಲ. ಹಾಗಾಗಿ ನೋಡುವವರ ಪದಗಳೆಲ್ಲ ಒಳಗೆ ಬಂದವು, ಮಾಡುವವರ ಪದಗಳು ಹೊರಗುಳಿದವು. ಯಾರೂ ಬೇಕೆಂದು ಕತ್ತು ಹಿಡಿದು ದಬ್ಬಲಿಲ್ಲ. ಉಪಕರಣದ ರಚನೆಯೇ ದಬ್ಬಿತು. ಜಾತಿಯೂ ಎಷ್ಟೋ ಸಲ ಹೀಗೇ ಕೆಲಸ ಮಾಡುತ್ತದೆ. ಯಾರ ಕೈಯಲ್ಲೂ ಕೋಲು ಕಾಣೋದಿಲ್ಲ, ಆದರೂ ನಾವು ಹೊರಗಿರುತ್ತೇವೆ.

ಇನ್ನು ಯಂತ್ರದ ಹೊಟ್ಟೆಯಲ್ಲಿರುವ ಪದಗಳು ಎಲ್ಲಿಂದ ಬಂದವು ನೋಡೋಣ. ಕ್ಯಾಮೆರಾ ಹಿಡಿದು ‘ಇದೇನು?’ ಎಂದು ಕೇಳಿದರೆ ಉತ್ತರ ಕೊಡುವ ಯಂತ್ರಗಳ ಬೆಳವಣಿಗೆಯಲ್ಲಿ ಇಮೇಜ್‌ನೆಟ್ ಎಂಬ ಚಿತ್ರಸಂಗ್ರಹ ದೊಡ್ಡ ಮೆಟ್ಟಿಲು. 2009ರಲ್ಲಿ ಅಮೆರಿಕದ ಸಂಶೋಧಕರು ಅದನ್ನು ಪ್ರಕಟಿಸಿದರು. ಯಾವ ಯಾವ ವಸ್ತುವಿನ ಚಿತ್ರ ಕೂಡಿಸಬೇಕು ಎಂಬ ಪಟ್ಟಿಯನ್ನು ವರ್ಡ್‌ನೆಟ್ ಎಂಬ ಇಂಗ್ಲಿಷ್ ಪದಜಾಲದಿಂದ ಎತ್ತಿಕೊಂಡರು. ಆ ಸಂಗ್ರಹದಿಂದ ಆರಿಸಿದ 1000 ವರ್ಗಗಳ ಮೇಲೆ ವರ್ಷ ವರ್ಷ ಸ್ಪರ್ಧೆ ನಡೆಸಿ ಯಂತ್ರಗಳಿಗೆ ನೋಡಲು ಕಲಿಸಿದರು. ಆ ಸಾವಿರದಲ್ಲಿ ಕಾಲಿಗೆ ಹಾಕುವ ವಸ್ತುಗಳೂ ಇವೆ. ಅಮೆರಿಕದ ದನಗಾಹಿ ಹಾಕುವ ಬೂಟಿಗೆ, ‘ಕೌಬಾಯ್ ಬೂಟ್’ ಎಂದು, ಬೇರೆಯೇ ಒಂದು ವರ್ಗವಿದೆ. ಅಥಣಿಯಲ್ಲಿ, ನಿಪ್ಪಾಣಿಯಲ್ಲಿ ಹೊಲಿಯುವ ಚಪ್ಪಲಿಗೆ ಬೇರೆ ವರ್ಗವಿಲ್ಲ. ಅದೂ ಬರೀ ‘ಸ್ಯಾಂಡಲ್’. ಅಲ್ಲಿಯ ದನಗಾಹಿಗೆ ಹೆಸರಿದೆ, ಇಲ್ಲಿಯ ದನದ ತೊಗಲಿನಲ್ಲಿ ಬದುಕಿದವನಿಗೆ ಹೆಸರಿಲ್ಲ.

ಇವತ್ತಿನ ಯಂತ್ರಗಳು ಆ ಸಾವಿರಕ್ಕೇ ನಿಂತಿಲ್ಲ, ಕೊಲ್ಹಾಪುರಿ ಎಂಬ ಪದವನ್ನು ಅವೂ ಬಲ್ಲವು. ಆದರೆ ಅವು ಕಲಿಯುವುದು ಅಂತರ್ಜಾಲದಲ್ಲಿ ಚಿತ್ರದ ಪಕ್ಕ ಯಾರೋ ಬರೆದಿಟ್ಟ ಮಾತಿನಿಂದ. ಬರೆದಿಟ್ಟವರು ಯಾರು? ಮಾರುವವರು, ಕೊಳ್ಳುವವರು, ಪ್ರವಾಸ ಹೋದವರು. ಉಂಗುಟ, ಅಟ್ಟೆ, ಬಾರು, ರಂಪಿಗೆ ಎಂದು ದಿನಾ ಹೇಳುವ ಬಾಯಿ ಅಲ್ಲಿ ಬರೆಯಲು ಕೂತಿಲ್ಲ. ಇನ್ನು ಅನುವಾದದ ಯಂತ್ರ. ‘ಟೋನ್’ ಎಂಬ ಪದವನ್ನು ಒಂಟಿಯಾಗಿ ಅದರ ಬಾಯಿಗೆ ಹಾಕಿದರೆ ಅದು ದನಿಯೋ, ಬಣ್ಣದ ಏರಿಳಿತವೋ, ಮಾತಿನ ಧಾಟಿಯೋ ಎಂದು ತಿಳಿಯಲು ಅದಕ್ಕೆ ದಾರಿಯಿಲ್ಲ. ಚೀಟಿಯಲ್ಲಿ ಪದ ಯಾವಾಗಲೂ ಒಂಟಿಯೇ.

ಹೆಸರಿಲ್ಲದಿದ್ದರೆ ಏನು ಮುಳುಗಿತು ಅನ್ನುವವರಿಗೆ ಒಂದು ನಡೆದ ಸಂಗತಿ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್ ನಗರದ ಫ್ಯಾಶನ್ ಪ್ರದರ್ಶನದಲ್ಲಿ ನಮ್ಮ ಕೊಲ್ಹಾಪುರಿಯನ್ನೇ ಹೋಲುವ ಚಪ್ಪಲಿಗಳನ್ನು ಗಂಡಸರ ಕಾಲಿಗೆ ಹಾಕಿ ನಡೆಸಿತು. ಕೊಲ್ಹಾಪುರದ ಹೆಸರಿಲ್ಲ, ಭಾರತದ ಹೆಸರಿಲ್ಲ, ಬರೀ ಚರ್ಮದ ಸ್ಯಾಂಡಲ್. ಆ ಚಪ್ಪಲಿಗೆ 2019ರಲ್ಲೇ ಭೌಗೋಳಿಕ ಗುರುತು ಸಿಕ್ಕಿತ್ತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ; ಒಟ್ಟು ಎಂಟು ಜಿಲ್ಲೆಗಳಿಗೆ ಸೇರಿದ ಗುರುತು. ಗದ್ದಲ ಎದ್ದ ಮೇಲೆ ಕಂಪನಿ ಭಾರತದ ಚಪ್ಪಲಿಯೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್, ಕರ್ನಾಟಕದ ಲಿಡ್ಕರ್ ನಿಗಮಗಳ ಜೊತೆ ಇಲ್ಲೇ ಚಪ್ಪಲಿ ಮಾಡಿಸುವ ಒಪ್ಪಂದಕ್ಕೂ ಬಂತು. ಗದ್ದಲ ಏಳಲು ಕಾರಣ ಏನು? ಆ ವಸ್ತುವಿಗೆ ಒಂದು ಹೆಸರಿತ್ತು, ಆ ಹೆಸರನ್ನು ಹೇಳುವ ಜನ ಇದ್ದರು. ಹೆಸರು ಉಳಿದ ಕಡೆ ಹಕ್ಕು ಕೇಳಬಹುದು. ಹೆಸರು ಅಳಿದ ಕಡೆ ಕಳ್ಳತನ ಕೂಡ ಕಳ್ಳತನ ಅನ್ನಿಸೋದಿಲ್ಲ. ಆ ಹೆಸರಲ್ಲೂ ಇನ್ನೊಂದು ಮಾತಿದೆ: ಕೊಲ್ಹಾಪುರಿ ಅನ್ನೋದು ಮಾರಾಟದ ಊರಿನ ಹೆಸರು. ಅಥಣಿಯಲ್ಲಿ ಹೊಲಿದವನ ಊರೂ ಅದರಲ್ಲಿ ಬರಲಿಲ್ಲ.

ಇಂಗ್ಲಿಷನ್ನೇ ಬೈದು ನಾವು ಪಾರಾಗೋ ಹಾಗಿಲ್ಲ. ಕನ್ನಡದ ಕಲಾ ಪದಕೋಶ ಯಾರ ಕನ್ನಡ? ವರ್ಣಸಂಯೋಜನೆ, ಪ್ರಮಾಣಬದ್ಧತೆ, ಸಮಮಿತಿ, ಅಮೂರ್ತ. ಇವು ಬೇಡ ಎಂದು ನಾನು ಹೇಳುತ್ತಿಲ್ಲ. ಆದರೆ ಮಗು ಇಂಗ್ಲಿಷಿನ ಒಂದು ಗೋಡೆ ಹತ್ತಿ ಇಳಿದರೆ ಸಂಸ್ಕೃತದ ಇನ್ನೊಂದು ಗೋಡೆ ಕಟ್ಟಿಟ್ಟಿದ್ದೀರಿ. ಹನ್ನೆರಡನೆಯ ಶತಮಾನದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ ಇವರೆಲ್ಲ ಅನುಭವ ಮಂಟಪದ ಪರಂಪರೆಗೆ ಬಂದದ್ದು ಕಸುಬಿನ ಹೆಸರು ಹೊತ್ತುಕೊಂಡೇ. ಕೈಯಲ್ಲಿದ್ದ ಉಪಕರಣದ ಮಾತು, ಹಗ್ಗದ ಮಾತು, ಬಿದಿರಿನ ಮಾತು ವಚನದ ಮಾತಾಯಿತು. ಎಂಟುನೂರು ವರ್ಷದ ಹಿಂದೆ ದೇವರ ಬಗ್ಗೆ ಮಾತಾಡಲು ಸಾಕಾದ ಕಸುಬಿನ ಕನ್ನಡ, ಇವತ್ತು ಎಂಟನೇ ತರಗತಿಯಲ್ಲಿ ಚಿತ್ರದ ಬಗ್ಗೆ ಮಾತಾಡಲು ಸಾಲದೇನು?

ಇಲ್ಲಿ ಒಂದು ದೊಡ್ಡ ಅಪಾಯವಿದೆ. ಅದನ್ನು ಮುಚ್ಚಿಟ್ಟರೆ ಈ ಲೇಖನ ನಮ್ಮವರಿಗೇ ದ್ರೋಹ. ‘ಮಕ್ಕಳೇ, ನಿಮ್ಮ ನಿಮ್ಮ ಮನೆಯ ಕಸುಬಿನ ಪದಗಳನ್ನು ಬರೆದುಕೊಂಡು ಬನ್ನಿ’ ಎಂದು ಮೇಷ್ಟ್ರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಮರುದಿನ ತರಗತಿಯಲ್ಲಿ ಏನಾಗುತ್ತದೆ? ಅಕ್ಕಸಾಲಿಗರ ಮಗಳು ಎದ್ದು ಹೇಳುತ್ತಾಳೆ, ಎಲ್ಲರೂ ಕೇಳುತ್ತಾರೆ. ತೊಗಲು ಹದ ಮಾಡುವವನ ಮಗ ಎದ್ದು ನಿಂತ ಕೂಡಲೇ ಹಿಂದಿನ ಬೆಂಚಲ್ಲಿ ಒಬ್ಬ ಮೂಗು ಮುಚ್ಚಿಕೊಳ್ಳುತ್ತಾನೆ. ಅಪ್ಪ ಬಿಟ್ಟ ಕಸುಬನ್ನು, ಬಿಡಬೇಕೆಂದೇ ಮಗನನ್ನು ಶಾಲೆಗೆ ಕಳಿಸಿದ ಕಸುಬನ್ನು, ಶಾಲೆಯೇ ಮತ್ತೆ ಅವನ ಕೊರಳಿಗೆ ಕಟ್ಟುತ್ತದೆ. ಸಾವಿನ ಮನೆ ಮುಂದೆ ಬಿಟ್ಟಿ ತಮಟೆ ಬಡಿಯೋದಿಲ್ಲ ಎಂದು ತಮಟೆ ಕೆಳಗಿಟ್ಟ ಹಿರಿಯರು ನಮ್ಮಲ್ಲಿದ್ದಾರೆ. ಅವರ ಮೊಮ್ಮಕ್ಕಳಿಗೆ ‘ತಮಟೆ ನಿಮ್ಮ ಹೆಮ್ಮೆಯ ಕಲೆ’ ಎಂದು ಪಾಠ ಹೇಳುವ ಮೊದಲು ಆ ಕೆಳಗಿಟ್ಟ ಕೈಗಳ ಅರ್ಥ ತಿಳಿಯಬೇಕು.

ಈ ಅಪಾಯ ಹೊಸದಲ್ಲ. 1953ರಲ್ಲಿ ಮದರಾಸು ರಾಜ್ಯದಲ್ಲಿ ರಾಜಾಜಿ ಒಂದು ಯೋಜನೆ ತಂದರು. ಹಳ್ಳಿ ಮಕ್ಕಳಿಗೆ ಒಂದು ಹೊತ್ತು ಶಾಲೆ, ಉಳಿದ ಹೊತ್ತು ಅಪ್ಪನ ಕಸುಬು. ಪೆರಿಯಾರ್ ಚಳವಳಿ ಅದಕ್ಕೆ ಕುಲಕಸುಬಿನ ಶಿಕ್ಷಣ ಎಂದು ಹೆಸರಿಟ್ಟು ಬೀದಿಗಿಳಿಯಿತು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಕಾಮರಾಜ್ ಬಂದು ಯೋಜನೆ ಕೈಬಿಟ್ಟರು. 2023ರಲ್ಲಿ ಕೇಂದ್ರ ಸರ್ಕಾರ 18 ಕಸುಬುಗಳಿಗೆ ಪಿಎಂ ವಿಶ್ವಕರ್ಮ ಯೋಜನೆ ತಂದಾಗಲೂ ತಮಿಳುನಾಡು ಅದೇ ಪ್ರಶ್ನೆ ಎತ್ತಿತು: ಕುಟುಂಬದ ಕಸುಬು ಎಂಬ ಷರತ್ತು ಏಕೆ? ಜಾತಿ ಬರೀ ಕೆಲಸವನ್ನು ಹಂಚುವುದಿಲ್ಲ, ದುಡಿಯುವ ಮನುಷ್ಯರನ್ನೂ ಮೇಲು ಕೀಳಾಗಿ ಒಡೆದಿಡುತ್ತದೆ ಎಂದು ಬಾಬಾಸಾಹೇಬರು 1936ರಲ್ಲೇ ತೋರಿಸಿಕೊಟ್ಟಿದ್ದಾರೆ.

ಹಾಗಾದರೆ ಆ ಪದಗಳನ್ನು ಬಿಟ್ಟುಬಿಡೋಣವೇ? ಬಿಟ್ಟರೆ ಅವು ಮ್ಯೂಸಿಯಮ್ಮಿಗೆ ಹೋಗುತ್ತವೆ, ಇಲ್ಲವೇ ಮಿಲಾನಿಗೆ ಹೋಗುತ್ತವೆ. ನನ್ನ ಅಭಿಪ್ರಾಯ ಇಷ್ಟು: ಕಸುಬು ವಂಶಕ್ಕೆ ಅಂಟಬಾರದು, ಕಸುಬಿನ ಮಾತು ಎಲ್ಲರಿಗೂ ದಕ್ಕಬೇಕು. ಗೌಡರ ಮಗ ಹದ, ರಂಪಿಗೆ, ಅಟ್ಟೆ ಕಲಿಯಬೇಕು. ತೊಗಲಿನವರ ಮಗಳು ಪರ್ಸ್‌ಪೆಕ್ಟಿವ್, ಅಮೂರ್ತ ಕಲಿಯಬೇಕು. ‘ನಿಮ್ಮ ಮನೆಯ ಪದ’ ಎಂದು ಕೇಳಬಾರದು, ‘ನಮ್ಮ ಊರಿನ ಪದ’ ಎಂದು ಕೇಳಬೇಕು. ಪದದ ಜೊತೆ ಜಾತಿಯ ಹೆಸರನ್ನು ಹಚ್ಚಬಾರದು, ಕೆಲಸದ ಹೆಸರನ್ನು ಹಚ್ಚಬೇಕು. ಹುಡುಗರು ಎಲ್ಲರೂ ಕೂಡಿ ಎಲ್ಲ ಕೆಲಸಗಾರರ ಹತ್ತಿರ ಹೋಗಬೇಕು, ಒಬ್ಬೊಬ್ಬನೂ ತನ್ನಪ್ಪನ ಹತ್ತಿರ ಮಾತ್ರ ಅಲ್ಲ.

ಇಲ್ಲೇ ಫೋನು ನಮ್ಮ ಕೆಲಸಕ್ಕೆ ಬರುತ್ತದೆ. ಇಷ್ಟು ದಿನ ಅದು ಹೇಳುತ್ತಿತ್ತು, ಮಕ್ಕಳು ಕೇಳುತ್ತಿದ್ದರು. ಇನ್ನು ಮಕ್ಕಳು ಹೇಳಲಿ, ಅದು ಕೇಳಿಸಿಕೊಳ್ಳಲಿ. 2023-24ರ ಸರ್ಕಾರಿ ಅಂಕಿಅಂಶದ ಪ್ರಕಾರ ದೇಶದಲ್ಲಿ ಕೆಲಸ ಮಾಡುವ ಕಂಪ್ಯೂಟರ್ ಇದ್ದ ಶಾಲೆಗಳು ನೂರಕ್ಕೆ ಸುಮಾರು 57. ಅಂದರೆ ಸ್ಮಾರ್ಟ್ ಬೋರ್ಡಿಗಾಗಿ ಕಾದು ಕೂರುವುದು ದಡ್ಡತನ. ಅದೇ 2024ರ ಅಸರ್ ಸಮೀಕ್ಷೆಯಲ್ಲಿ ಹಳ್ಳಿಗಳ 14ರಿಂದ 16 ವಯಸ್ಸಿನ ಮಕ್ಕಳಲ್ಲಿ ನೂರಕ್ಕೆ 82 ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಬಳಸಲು ಬರುವವರಲ್ಲಿ ಸ್ವಂತ ಫೋನು ಇರುವ ಹುಡುಗರು ನೂರಕ್ಕೆ 36, ಹುಡುಗಿಯರು 27. ಆದ್ದರಿಂದ ಮೊದಲ ನಿಯಮ: ಗುಂಪಿಗೆ ಒಂದೇ ಫೋನು, ಅದನ್ನು ಹಿಡಿಯುವವಳು ಹುಡುಗಿ.

ಮೇಷ್ಟ್ರುಗಳಿಗೆ ಒಂದು ದಾರಿ ಹೇಳುತ್ತೇನೆ. ಪರದೆಯ ಪಟ್ಟಿಯಿಂದ ಐದು ಪದ ತೆಗೆದುಕೊಳ್ಳಿ, ಊರಿನಿಂದ ಐದು ಪದ ತನ್ನಿ. ಉತ್ತರ ಕರ್ನಾಟಕದವರಾದರೆ ಕಸೂತಿಯಿಂದ ಶುರು ಮಾಡಬಹುದು. ಗವಂತಿ, ಮುರಗಿ, ನೇಯ್ಗಿ, ಮೆಂತ್ಯ ಎಂದು ನಾಲ್ಕು ಹೊಲಿಗೆ. ಬಟ್ಟೆಯ ಮೇಲೆ ಮೊದಲೇ ಗೆರೆ ಬರೆದುಕೊಳ್ಳೋದಿಲ್ಲ, ಎಳೆ ಎಣಿಸಿ ಹಾಕುತ್ತಾರೆ, ಗಂಟು ಹಾಕೋದಿಲ್ಲ. ಗವಂತಿಯಲ್ಲಿ ಹೋದ ದಾರಿಯಲ್ಲೇ ಸೂಜಿ ತಿರುಗಿ ಬರುವುದರಿಂದ ಬಟ್ಟೆಯ ಎರಡೂ ಮಗ್ಗುಲು ಒಂದೇ ಥರ ಕಾಣುತ್ತದೆ. ಮೆಂತ್ಯ ಹೊಲಿಗೆ ಮೆಂತ್ಯದ ಕಾಳು ಹರಡಿದ ಹಾಗೆ. ಈಗ ಪರದೆಯ ‘ಸಮಮಿತಿ’ ಎಂಬ ಪದವನ್ನು ತೆಗೆದು ಆ ಬಟ್ಟೆಯ ಮುಂದೆ ಇಡಿ, ಮಗುಚಿ ತೋರಿಸಿ. ಎರಡು ಪದಗಳೂ ಒಂದನ್ನೊಂದು ಬೆಳಗುತ್ತವೆ. ಹೊಲಿಯುವ ಹೆಂಗಸು ಆ ಪದ ಹೇಳುವಾಗ ಅವಳ ದನಿಯನ್ನು ಫೋನಿಗೆ ತುಂಬಿಸಿ. ಕೈಯ ವಿಡಿಯೊ ತೆಗೆಯಿರಿ. ಮುಖ ಬೇಕೋ ಬೇಡವೋ, ಹೆಸರು ಹಾಕಬೇಕೋ ಬೇಡವೋ, ಹೊರಗಿನವರಿಗೆ ತೋರಿಸಬೇಕೋ ಬೇಡವೋ ಎಂದು ಅವಳನ್ನೇ ಕೇಳಿ. ಬೇಡ ಅಂದರೆ ಬೇಡ. ಒಪ್ಪಿದರೆ ಕನ್ನಡದ ವಿಕ್ಷನರಿಯಂಥ ಎಲ್ಲರೂ ಬರೆಯಬಹುದಾದ ಕಡೆ ಆ ಪದವನ್ನು ಅದರ ಅರ್ಥದೊಂದಿಗೆ ಸೇರಿಸಿ. ಯಂತ್ರಕ್ಕೆ ನಮ್ಮ ಮಾತು ಗೊತ್ತಿಲ್ಲ ಎಂದು ದೂರಿ ಸುಮ್ಮನೆ ಕೂತರೆ ಅದಕ್ಕೆ ಎಂದೂ ಗೊತ್ತಾಗೋದಿಲ್ಲ.

ಪರೀಕ್ಷೆಯನ್ನೂ ಬದಲಿಸಿ. ಚೀಟಿಗೆ ಚಿತ್ರ ಹೊಂದಿಸಿದರೆ ಅಂಕ ಕೊಡುವುದು ಬಿಡಿ. ಮಗು ಹಿಂದೆಂದೂ ನೋಡಿರದ ಒಂದು ವಸ್ತುವನ್ನು ಮುಂದಿಡಿ. ಒಂದು ಮಡಕೆಯಾಗಲಿ, ಪರದೆಯ ಮೇಲಿನ ಒಂದು ವಿದೇಶಿ ಚಿತ್ರವಾಗಲಿ. ಕಲಿತ ಹತ್ತು ಪದಗಳಲ್ಲಿ ಮೂರನ್ನಾದರೂ ಬಳಸಿ ಅದರ ಬಗ್ಗೆ ಮಾತಾಡು ಅನ್ನಿ. ‘ಈ ಚಿತ್ರದಲ್ಲಿ ಬಣ್ಣ ಹದ ಮೀರಿದೆ ಸಾರ್’ ಎಂದು ಒಂದು ಹುಡುಗಿ ಹೇಳಿದ ದಿನ ಕನ್ನಡದ ಕಲಾವಿಮರ್ಶೆಗೆ ಒಬ್ಬ ವಿಮರ್ಶಕಿ ಸಿಕ್ಕಳು ಎಂದು ತಿಳಿಯಿರಿ. ಅವಳು ಹೇಳಿದ್ದು ಸರಿಯೋ ತಪ್ಪೋ ಆಮೇಲೆ ಜಗಳ ಆಡೋಣ. ಜಗಳ ಆಡಲು ಅವಳ ಹತ್ತಿರ ಮಾತಿದೆಯಲ್ಲ, ಅದು ಮೊದಲು.

ಚಳವಳಿಯ ಗೆಳೆಯರಿಗೂ ಒಂದು ಮಾತು. ಭೂಮಿ ಕೇಳಿದ್ದೇವೆ, ಕೂಲಿ ಕೇಳಿದ್ದೇವೆ, ಬಾವಿಯ ನೀರು ಕೇಳಿದ್ದೇವೆ. ಚೆಂದ ಯಾವುದು ಎಂದು ತೀರ್ಮಾನಿಸುವ ಮಾತಿನ ಪಾಲನ್ನೂ ಕೇಳಬೇಕು. ಅದು ಮೇಲಿನವರು ಕೊಡುವ ಪಟ್ಟಿಯಲ್ಲಿ ಬರೋದಿಲ್ಲ, ಪರದೆಯಿಂದ ತಾನಾಗಿ ಇಳಿಯೋದಿಲ್ಲ. ಬರುವ ರಜೆಯಲ್ಲಿ ಒಬ್ಬೊಬ್ಬ ಮೇಷ್ಟ್ರು, ಒಬ್ಬೊಬ್ಬ ವಿದ್ಯಾರ್ಥಿ ತಮ್ಮ ಊರಿನ ಹತ್ತು ಪದ ತನ್ನಿ. ನೂರು ಊರಿಂದ ಸಾವಿರ ಪದ. ಯಂತ್ರಕ್ಕೆ ನೋಡಲು ಕಲಿಸಿದ ಪಟ್ಟಿಯೂ ಸಾವಿರದ್ದೇ ಇತ್ತು.